ಸರ್ಕಾರ ಎಂದರೆ ಯಾರು? ಮೈಸೂರು ಕೊಟ್ಟ ಉತ್ತರಗಳು

ಮೈಸೂರು ನಗರದಲ್ಲಿ ರಾಮಸ್ವಾಮಿ ವೃತ್ತ ಎಂಬ ಸ್ಥಳವಿದೆ. ಶಾಲೆ ಕಾಲೇಜುಗಳಿಗೆ ಹೋಗುವ ನೂರಾರು ಹುಡುಗ ಹುಡುಗಿಯರು ದಿನವೂ ಅದನ್ನು ದಾಟಿ ಹೋಗುತ್ತಾರೆ. ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕಾಗಿ ನಾವು ಅಲ್ಲಿ ಕ್ಯಾಮರಾ ಇಟ್ಟುಕೊಂಡು, ಈ ರಾಮಸ್ವಾಮಿ ಯಾರು ಎಂದು ಕೆಲವರನ್ನು ಕೇಳಿದೆವು. "ಯಾರೋ ಹಳೇ ಪುಢಾರಿ ಇರಬೇಕು ಸಾರ್" ಎಂದಳು ಒಬ್ಬಳು ವಿದ್ಯಾರ್ಥಿನಿ. ಪುಢಾರಿಯಲ್ಲಮ್ಮ, ನಿನ್ನಂತೆಯೇ ಓದುತ್ತಿದ್ದ ಹುಡುಗ; 1947ರ ಸೆಪ್ಟೆಂಬರ್ ತಿಂಗಳಲ್ಲಿ ನಡೆದ ಗೋಲಿಬಾರಿನಲ್ಲಿ ಪ್ರಾಣ ಕಳೆದುಕೊಂಡವನು ಎಂದೆ. ಆಕೆ ಒಂದು ಕ್ಷಣ ಯೋಚಿಸಿ ಮರುಪ್ರಶ್ನೆ ಹಾಕಿದಳು: "ಆಗಸ್ಟ್ ಹದಿನೈದಕ್ಕೇ ಸ್ವಾತಂತ್ರ್ಯ ಬಂದಿತ್ತಲ್ಲ ಸಾರ್? ಹಾಗಾದರೆ ಗುಂಡು ಹಾರಿಸಿದ ಪೊಲೀಸರು ಯಾವ ಸರ್ಕಾರದವರು?"

ನಾನು ಓದಿದ್ದು ವಿಜ್ಞಾನ, ಚರಿತ್ರೆಯಲ್ಲ. ಆದರೆ ಒಳ್ಳೆಯ ಪ್ರಶ್ನೆ ಎದುರಾದಾಗ ಅದನ್ನು ಬಿಡಬಾರದು ಎಂಬುದನ್ನು ವಿಜ್ಞಾನ ಕಲಿಸಿದೆ. ಆ ಹುಡುಗಿಯ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಹೇಳಬಹುದು: ಮೈಸೂರು ಸರ್ಕಾರದ ಪೊಲೀಸರು. ಆದರೆ ಆ ಸರ್ಕಾರ ಯಾರದಾಗಿತ್ತು, ಎಂಥದಾಗಿತ್ತು ಎಂದು ತಿಳಿಯಬೇಕಾದರೆ ನೂರೈವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ. ಪಠ್ಯಪುಸ್ತಕದಲ್ಲಿ ಪಟ್ಟಿ ಮಾಡಿ ಕಲಿಯುವ ಸರ್ಕಾರದ ರೂಪಗಳಲ್ಲಿ ಅನೇಕವನ್ನು ಈ ಅವಧಿಯಲ್ಲಿ ಮೈಸೂರು ಸಂಸ್ಥಾನವೊಂದೇ ಕಂಡಿದೆ.

ಒಂದು ಮಾತು, ಹಲವು ಅರ್ಥ

ಮೊದಲು ಪದವನ್ನು ನೋಡೋಣ. ‘ಸರ್ಕಾರ’ ಕನ್ನಡಕ್ಕೆ ಪಾರಸಿಯಿಂದ ಬಂದ ಮಾತು. ‘ಸರ್’ ಎಂದರೆ ತಲೆ, ‘ಕಾರ್’ ಎಂದರೆ ಕೆಲಸ. ಕೆಲಸಕ್ಕೆ ತಲೆಯಾದವನು, ಅಂದರೆ ಯಜಮಾನ, ಎಂಬುದು ಮೂಲದ ಅರ್ಥ. ಟಿಪ್ಪು ಸುಲ್ತಾನ್ ತನ್ನ ಆಡಳಿತವನ್ನು ‘ಸರ್ಕಾರ್-ಎ-ಖುದಾದಾದ್’, ಅಂದರೆ ದೇವರು ಕೊಟ್ಟ ಸರ್ಕಾರ, ಎಂದು ಕರೆದುಕೊಂಡಿದ್ದ. ಅಲ್ಲಿ ದೊರೆಯೂ ಸರ್ಕಾರವೂ ಬೇರೆಯಲ್ಲ.

ಇಂದು ನಾವು ಈ ಮಾತನ್ನು ಕನಿಷ್ಠ ಮೂರು ಅರ್ಥಗಳಲ್ಲಿ ಬಳಸುತ್ತೇವೆ. "ಸರ್ಕಾರ ಬಿತ್ತು" ಎಂದರೆ ಮಂತ್ರಿಮಂಡಲ ಬಿತ್ತು ಎಂದರ್ಥ. "ಸರ್ಕಾರಿ ಕೆಲಸ ಸಿಕ್ಕಿತು" ಎನ್ನುವಾಗ ಮಂತ್ರಿಗಳು ಬದಲಾದರೂ ಬದಲಾಗದ ಕಚೇರಿ, ನೌಕರರು, ಕಡತಗಳ ವ್ಯವಸ್ಥೆ ನಮ್ಮ ಮನಸ್ಸಿನಲ್ಲಿರುತ್ತದೆ. "ಇದು ಸರ್ಕಾರದ ಜಮೀನು" ಎನ್ನುವಾಗ ಈ ಎರಡಕ್ಕಿಂತ ದೊಡ್ಡದಾದ, ಶಾಶ್ವತವಾದ ಪ್ರಭುತ್ವದ ಮಾತಾಡುತ್ತೇವೆ. ಈ ಮೂರನ್ನೂ ಬೇರೆ ಬೇರೆಯಾಗಿ ನೋಡುವುದು ಅಗತ್ಯ. ಪ್ರಭುತ್ವ ಬದಲಾಗದೆ ಸರ್ಕಾರದ ರೂಪ ಬದಲಾಗಬಹುದು. ರೂಪ ಬದಲಾದರೂ ಕಚೇರಿ ಹಾಗೆಯೇ ಉಳಿಯಬಹುದು.

ಎಣಿಸಿದರೆ ಸಾಲದು

ಸರ್ಕಾರಗಳನ್ನು ವಿಂಗಡಿಸುವ ಅತಿ ಹಳೆಯ ವಿಧಾನ ತಲೆ ಎಣಿಸುವುದು. ಗ್ರೀಸಿನ ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಒಬ್ಬನ ಆಳ್ವಿಕೆ, ಕೆಲವರ ಆಳ್ವಿಕೆ, ಹಲವರ ಆಳ್ವಿಕೆ ಎಂದು ಮೂರು ಬಗೆ ಮಾಡಿದ. ಎಲ್ಲರ ಹಿತಕ್ಕಾಗಿ ನಡೆದರೆ ಅದು ಸರಿಯಾದ ರೂಪ, ಆಳುವವರ ಹಿತಕ್ಕಾಗಿಯೇ ನಡೆದರೆ ಕೆಟ್ಟ ರೂಪ ಎಂದು ಪ್ರತಿಯೊಂದನ್ನೂ ಮತ್ತೆ ಎರಡಾಗಿ ಒಡೆದ. ರಾಜಪ್ರಭುತ್ವ, ಗಣರಾಜ್ಯ, ಸಂಸದೀಯ ಪದ್ಧತಿ, ಅಧ್ಯಕ್ಷೀಯ ಪದ್ಧತಿ, ಏಕೀಕೃತ, ಸಂಯುಕ್ತ ಮುಂತಾದ ಹೆಸರುಗಳೆಲ್ಲ ನೀವು ಓದಿಯೇ ಇರುತ್ತೀರಿ.

ಹೆಸರಿನಿಂದಲೇ ಗುಣ ತಿಳಿಯುವುದಿಲ್ಲ. ಬ್ರಿಟನ್ನಿನಲ್ಲಿ ಇಂದಿಗೂ ಸಿಂಹಾಸನವಿದೆ. ಆದರೂ ಆಡಳಿತ ನಡೆಸುವುದು ಚುನಾಯಿತ ಸಂಸತ್ತಿನ ವಿಶ್ವಾಸ ಪಡೆದ ಮಂತ್ರಿಮಂಡಲ. ಜರ್ಮನಿ 1933ರಲ್ಲಿ ಗಣರಾಜ್ಯವೇ ಆಗಿತ್ತು. ಆ ಗಣರಾಜ್ಯದ ಪ್ರಧಾನಿಯಾಗಿಯೇ ಹಿಟ್ಲರ್ ಅಧಿಕಾರಕ್ಕೆ ಬಂದ.

ಬಿ.ಎಸ್ಸಿ. ತರಗತಿಯಲ್ಲಿ ನಮಗೆ ಲವಣಗಳ ವಿಶ್ಲೇಷಣೆ ಎಂಬ ಪ್ರಯೋಗವಿರುತ್ತಿತ್ತು. ಬಿಳಿಯ ಪುಡಿಯೊಂದನ್ನು ಕೊಟ್ಟು ಇದು ಏನೆಂದು ಹೇಳಿ ಎನ್ನುತ್ತಿದ್ದರು. ನೋಡಲು ಎಲ್ಲವೂ ಬಿಳಿಯೇ. ನೀರಿನಲ್ಲಿ ಕರಗಿಸಿ, ಸಿಲ್ವರ್ ನೈಟ್ರೇಟ್ ದ್ರಾವಣ ಹಾಕಿ, ಮೊಸರಿನಂಥ ಬಿಳಿಯ ಒತ್ತರ ಬಂದರೆ ಅದರಲ್ಲಿ ಕ್ಲೋರೈಡ್ ಇರಬೇಕೆಂದು ಊಹಿಸುತ್ತಿದ್ದೆವು. ಸರ್ಕಾರಕ್ಕೂ ಅಂಥದೊಂದು ಪರೀಕ್ಷೆ ಇದೆಯೆಂದು ನನಗೆ ಅನಿಸುತ್ತದೆ. "ನೀವು ಹೀಗೇಕೆ ಮಾಡಿದಿರಿ?" ಎಂಬ ಪ್ರಶ್ನೆಯನ್ನು ಅದಕ್ಕೆ ಹಾಕಿ ನೋಡಬೇಕು. ಈ ಪ್ರಶ್ನೆ ಕೇಳುವ ಹಕ್ಕು ಯಾರಿಗಿದೆ? ಉತ್ತರ ಕೊಡಲೇಬೇಕಾದ ಕಟ್ಟು ಸರ್ಕಾರಕ್ಕೆ ಇದೆಯೆ? ಉತ್ತರ ಒಪ್ಪಿಗೆಯಾಗದಿದ್ದರೆ ಏನಾಗುತ್ತದೆ? ಈ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಮೈಸೂರಿನ ಚರಿತ್ರೆಯನ್ನು ನೋಡೋಣ.

ಕೇಳಲು ಜಾಗವಿಲ್ಲದ ಕಾಲ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಈಸ್ಟ್ ಇಂಡಿಯಾ ಕಂಪನಿ ಒಡೆಯರ್ ವಂಶದ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜರನ್ನು ಪಟ್ಟಕ್ಕೆ ತಂದಿತು. ಅರಸರು ಬೆಳೆದು ಅಧಿಕಾರ ವಹಿಸಿಕೊಳ್ಳುವವರೆಗೆ ದಿವಾನ್ ಪೂರ್ಣಯ್ಯನವರು ರಾಜ್ಯ ನಡೆಸಿದರು. ಹೊರನೋಟಕ್ಕೆ ಇದು ರಾಜಪ್ರಭುತ್ವ. ಆದರೆ ಸಹಾಯಕ ಸೈನ್ಯ ಪದ್ಧತಿಯ ಒಪ್ಪಂದದಂತೆ ಮೈಸೂರು ಪ್ರತಿವರ್ಷ 7 ಲಕ್ಷ ವರಹಗಳನ್ನು ಕಂಪನಿಗೆ ಕಟ್ಟಬೇಕಾಗಿತ್ತು. ಅರಸರನ್ನು "ಹೀಗೇಕೆ?" ಎಂದು ಕೇಳುವ ಶಕ್ತಿ ಕಂಪನಿಗೆ ಇತ್ತು, ಪ್ರಜೆಗಳಿಗೆ ಇರಲಿಲ್ಲ.

ಪ್ರಜೆಗಳ ಪಾಡೇನು? ಕಂದಾಯ ವಸೂಲಿಗೆ ಷರತ್ತು ಪದ್ಧತಿ ನಡೆಯುತ್ತಿತ್ತು. ತಾಲ್ಲೂಕಿನ ಅಮಲ್ದಾರ ಇಂತಿಷ್ಟು ಹಣ ಕಟ್ಟಿಸುತ್ತೇನೆಂದು ಮೊದಲೇ ಒಪ್ಪಿಕೊಂಡು, ಆಮೇಲೆ ಅದನ್ನು ರೈತರಿಂದ ಹಿಂಡುತ್ತಿದ್ದ. ದೂರು ಹೇಳಲು ಕ್ರಮಬದ್ಧವಾದ ಜಾಗವೇ ಇರಲಿಲ್ಲ. ಜಾಗವಿಲ್ಲದ ಪ್ರಶ್ನೆ ಬೀದಿಗೆ ಬರುತ್ತದೆ. 1830ರಲ್ಲಿ ನಗರ ಸೀಮೆಯ ರೈತರು ಕೂಟಗಳನ್ನು ಕಟ್ಟಿಕೊಂಡು, ಕಂದಾಯ ಕೊಡುವುದಿಲ್ಲವೆಂದು ನಿಂತರು. ಅದು ದಂಗೆಯಾಗಿ ಹಬ್ಬಿತು. ಈ ಅಶಾಂತಿಯನ್ನೇ ಮುಂದೆ ಮಾಡಿಕೊಂಡು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರ ಅಕ್ಟೋಬರ್‌ನಲ್ಲಿ ಅರಸರಿಂದ ಆಡಳಿತವನ್ನು ಕಿತ್ತುಕೊಂಡ.

ಐವತ್ತು ವರ್ಷಗಳ ಕಚೇರಿ ಆಳ್ವಿಕೆ

ಮುಂದಿನ ಐವತ್ತು ವರ್ಷ ಮೈಸೂರಿನಲ್ಲಿ ವಿಚಿತ್ರವಾದ ಸರ್ಕಾರ ನಡೆಯಿತು. ಮೈಸೂರಿನ ಅರಮನೆಯಲ್ಲಿ ಅರಸರಿದ್ದರು, ಬಿರುದು ಬಾವಲಿಗಳೂ ಇದ್ದವು. ಅಧಿಕಾರ ಮಾತ್ರ ಬೆಂಗಳೂರಿನಲ್ಲಿ ಕುಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್, ಅನಂತರ 1870ರವರೆಗೆ ಲೆವಿನ್ ಬೌರಿಂಗ್ ಈ ಹುದ್ದೆಯಲ್ಲಿದ್ದರು. ರಾಜ್ಯದ ಸಾಲ ತೀರಿತು, ರಸ್ತೆಗಳಾದವು, ಆಡಳಿತ ಇಲಾಖೆಗಳಾಗಿ ವಿಂಗಡವಾಯಿತು. ಬೌರಿಂಗ್ ಕಾಲದಲ್ಲಿ ಕಟ್ಟಿದ ಕೆಂಪು ಕಟ್ಟಡದಲ್ಲಿ ಹದಿನೆಂಟು ಇಲಾಖೆಗಳಿದ್ದುದರಿಂದ ಅದಕ್ಕೆ ‘ಅಠಾರಾ ಕಚೇರಿ’ ಎಂದು ಹೆಸರಾಯಿತು. ಈಗ ಕರ್ನಾಟಕ ಉಚ್ಚ ನ್ಯಾಯಾಲಯ ಇರುವುದು ಅಲ್ಲಿಯೇ.

ಇದನ್ನು ಅಧಿಕಾರಿಗಳ ಆಳ್ವಿಕೆ ಎನ್ನಬಹುದು. ನಿಯಮವಿತ್ತು, ಕಡತವಿತ್ತು, ಲೆಕ್ಕವಿತ್ತು. ಕಮಿಷನರ್ ಉತ್ತರ ಹೇಳಬೇಕಾಗಿದ್ದದ್ದು ಮಾತ್ರ ಕಲ್ಕತ್ತಕ್ಕೆ, ಕಲ್ಕತ್ತ ಉತ್ತರ ಹೇಳಬೇಕಾಗಿದ್ದದ್ದು ಲಂಡನ್ನಿಗೆ. ಮೈಸೂರಿನ ರೈತ ಈ ಸರಪಳಿಯಲ್ಲಿ ಎಲ್ಲಿಯೂ ಇರಲಿಲ್ಲ.

ಅದರ ಬೆಲೆ ಏನೆಂಬುದು 1876ರಿಂದ 1878ರವರೆಗಿನ ಭೀಕರ ಕ್ಷಾಮದಲ್ಲಿ ಕಂಡಿತು. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50 ಲಕ್ಷವನ್ನು ದಾಟಿತ್ತು. ಹತ್ತು ವರ್ಷಗಳ ನಂತರ, 1881ರಲ್ಲಿ, ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬೆಳೆಯಬೇಕಾಗಿದ್ದ ಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಕುಸಿದದ್ದು ಎಂಥ ದುರಂತವೆಂದು ನೀವೇ ಊಹಿಸಿಕೊಳ್ಳಿ. ಮಳೆ ಕೈಕೊಟ್ಟಿದ್ದು ನಿಜ. ಆದರೆ ಹಸಿದವನ ಮಾತನ್ನು ಆಡಳಿತದ ಕಿವಿಗೆ ಮುಟ್ಟಿಸುವ ಪ್ರತಿನಿಧಿಯೂ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

1881: ಅಹವಾಲು ಕೇಳುವ ಸಭೆ

1881ರ ಮಾರ್ಚ್ 25ರಂದು ರಾಜ್ಯ ಒಡೆಯರ್ ವಂಶಕ್ಕೆ ಮರಳಿತು. ಚಾಮರಾಜೇಂದ್ರ ಒಡೆಯರು ಅರಸರಾದರು, ಸಿ. ರಂಗಾಚಾರ್ಲು ದಿವಾನರಾದರು. ಬ್ರಿಟಿಷರು ಕೊಟ್ಟ ಹಸ್ತಾಂತರ ಪತ್ರದಲ್ಲಿ ಷರತ್ತುಗಳಿದ್ದವು. ಜಾರಿಯಲ್ಲಿದ್ದ ಕಾನೂನುಗಳನ್ನು ಅವರ ಒಪ್ಪಿಗೆಯಿಲ್ಲದೆ ಮಹತ್ತರವಾಗಿ ಬದಲಿಸುವಂತಿರಲಿಲ್ಲ. ಹೀಗಾಗಿ ಅರಸರ ಕೈ ಪೂರ್ತಿ ಬಿಚ್ಚಿರಲಿಲ್ಲ.

ಅದೇ ವರ್ಷ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನ ಸೇರಿತು. ಸದಸ್ಯರು 144 ಮಂದಿ. ರಾಜ್ಯದ ನಾನಾ ಕಡೆಗಳಿಂದ ಬಂದ ಜಮೀನುದಾರರು ಮತ್ತು ವರ್ತಕರು. ದಿವಾನರು ವರ್ಷದ ಆಡಳಿತದ ವರದಿಯನ್ನು ಓದಿ ಹೇಳುವುದು, ಸದಸ್ಯರು ತಮ್ಮ ಊರು, ಕೆರೆ, ರಸ್ತೆ, ಕಂದಾಯಗಳ ಅಹವಾಲುಗಳನ್ನು ಮುಂದಿಡುವುದು, ಇಷ್ಟೇ ಅದರ ಕೆಲಸ. ಕಾನೂನು ಮಾಡುವ ಅಧಿಕಾರವಿಲ್ಲ. ಸದಸ್ಯರ ಮಾತನ್ನು ದಿವಾನರು ಕೇಳಬಹುದು, ಬಿಡಬಹುದು.

ಇಷ್ಟು ದುರ್ಬಲವಾದ ಸಭೆಯನ್ನು ದೊಡ್ಡ ಹೆಜ್ಜೆ ಎನ್ನುವುದು ಏಕೆ? ನಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಇಲ್ಲಿ ಉತ್ತರ ಸಿಕ್ಕಿತು. ಐವತ್ತು ವರ್ಷಗಳ ಹಿಂದೆ ಕೂಟ ಕಟ್ಟಿ ಕೇಳಬೇಕಾಗಿದ್ದ ಮಾತನ್ನು ಈಗ ಎದ್ದುನಿಂತು, ದಿವಾನರ ಎದುರಿನಲ್ಲೇ ಕೇಳಬಹುದಾಗಿತ್ತು. 1891ರಿಂದ ಸದಸ್ಯರನ್ನು ಚುನಾವಣೆಯ ಮೂಲಕ ಆರಿಸುವ ಪದ್ಧತಿ ಬಂತು. ಮತದ ಹಕ್ಕು ಮಾತ್ರ ನಿಗದಿಯಾದಷ್ಟು ಕಂದಾಯ ಕಟ್ಟುವವರು ಮೊದಲಾದ ಕೆಲವರಿಗೇ ಸೀಮಿತವಾಗಿತ್ತು. 1907ರಲ್ಲಿ ಕಾನೂನುಗಳ ಪರಿಶೀಲನೆಗೆಂದು ನ್ಯಾಯವಿಧಾಯಕ ಸಭೆ ಎಂಬ ಎರಡನೆಯ ಸಭೆ ಸ್ಥಾಪನೆಯಾಯಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆಯಿತು. ಆದರೆ ದಿವಾನರನ್ನು ನೇಮಿಸುವವರು ಮಹಾರಾಜರು, ತೆಗೆಯುವವರೂ ಮಹಾರಾಜರೇ. ಎರಡೂ ಸಭೆಗಳ ಅಧ್ಯಕ್ಷ ಪೀಠದಲ್ಲಿ ಕೂರುತ್ತಿದ್ದವರು ಅದೇ ದಿವಾನರು. ಉತ್ತರ ಹೇಳಬೇಕಾದವರೇ ಪ್ರಶ್ನೆಗೆ ಅನುಮತಿ ಕೊಡುವ ಸ್ಥಾನದಲ್ಲಿದ್ದರು!

ಒಳ್ಳೆಯ ಆಡಳಿತ ಸಾಲದೆ?

ಇಲ್ಲಿ ಒಂದು ಗಂಭೀರವಾದ ಆಕ್ಷೇಪವನ್ನು ಎದುರಿಸಬೇಕು. ಉತ್ತರ ಹೇಳುವ ಕಟ್ಟಿಲ್ಲದ ಈ ದಿವಾನರ ಆಡಳಿತವೇ ಮೈಸೂರಿಗೆ ‘ಮಾದರಿ ಸಂಸ್ಥಾನ’ ಎಂಬ ಹೆಸರು ತಂದಿತು. ಶೇಷಾದ್ರಿ ಅಯ್ಯರ್ ಅವರ ಯೋಜನೆಯಾದ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದವು. ಇಷ್ಟೆಲ್ಲ ಮಾಡಿದ ಸರ್ಕಾರದ ಮೇಲೆ ಜನ ಏಕೆ ಸಿಡಿದೆದ್ದರು?

ಇದಕ್ಕೆ ಎರಡು ಕಾರಣಗಳನ್ನು ಹೇಳಬಹುದು. ಮೊದಲನೆಯದು, ಒಳ್ಳೆಯ ಆಡಳಿತ ಎಲ್ಲರಿಗೂ ಸಮನಾಗಿ ಸಿಗುತ್ತಿತ್ತೆ ಎಂಬ ಪ್ರಶ್ನೆ. ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರದಾಗಿತ್ತು. ಇತರ ಸಮುದಾಯಗಳು ತಮ್ಮ ಪಾಲು ಕೇಳತೊಡಗಿದವು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿದರು. 1919ರಲ್ಲಿ ಬಂದ ಅದರ ವರದಿ ಹಿಂದುಳಿದ ವರ್ಗಗಳಿಗೆ ಹುದ್ದೆಗಳಲ್ಲಿ ಪ್ರಾಶಸ್ತ್ಯ ನೀಡಬೇಕೆಂದಿತು. ವಿಶ್ವೇಶ್ವರಯ್ಯನವರಿಗೆ ಈ ನೀತಿ ಒಪ್ಪಿಗೆಯಾಗಲಿಲ್ಲ. 1918ರ ಕೊನೆಯಲ್ಲಿ ಅವರು ದಿವಾನಗಿರಿಯನ್ನು ಬಿಟ್ಟರು. ಸರ್ಕಾರ ಎಷ್ಟು ದಕ್ಷವಾಗಿದೆ ಎಂಬುದರ ಜೊತೆಗೆ ಅದು ಯಾರಿಂದ ಕೂಡಿದೆ ಎಂಬುದೂ ಮುಖ್ಯ ಎಂದು ಮೈಸೂರು ಆಗಲೇ ಕಂಡುಕೊಂಡಿತ್ತು.

ಎರಡನೆಯದು, ದಕ್ಷ ದಿವಾನರು ಸಿಗುವುದು ಅದೃಷ್ಟದ ಮಾತು. ಇಂದು ಒಳ್ಳೆಯವರು ಬಂದರು, ನಾಳೆ ಬರದಿದ್ದರೆ? ಆಗ ಬದಲಾಯಿಸುವ ದಾರಿ ಪ್ರಜೆಗಳ ಕೈಯಲ್ಲಿ ಇರಲಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧಾಜ್ಞೆಯನ್ನು ಮುರಿದು ಧ್ವಜ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕಟ್ಟೆ ಕಟ್ಟಿಸಿದ, ದೀಪ ಹೊತ್ತಿಸಿದ ಸರ್ಕಾರವೇ ಈ ಗುಂಡನ್ನೂ ಹಾರಿಸಿತ್ತು.

ಸ್ವಾತಂತ್ರ್ಯದ ನಂತರದ ಹೋರಾಟ

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಭಾರತಕ್ಕೆ ಸ್ವಾತಂತ್ರ್ಯ ಬರುವ ಮೊದಲೇ, 1947ರ ಆಗಸ್ಟ್ 9ರಂದು ಜಯಚಾಮರಾಜ ಒಡೆಯರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ಅದರಂತೆ ರಕ್ಷಣೆ, ವಿದೇಶಾಂಗ ವ್ಯವಹಾರ, ಸಂಪರ್ಕ ಈ ಮೂರು ವಿಷಯಗಳು ದೆಹಲಿಗೆ ಸೇರಿದವು. ಒಳಾಡಳಿತವೆಲ್ಲ ಮೊದಲಿನಂತೆ ಮಹಾರಾಜರದು ಮತ್ತು ಅವರು ನೇಮಿಸಿದ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರದು. ಪ್ರಭುತ್ವದ ಸಂಬಂಧ ಬದಲಾಗಿತ್ತು, ಸರ್ಕಾರದ ರೂಪ ಬದಲಾಗಿರಲಿಲ್ಲ. ಬ್ರಿಟಿಷರು ಹೋದರೂ ಮೈಸೂರಿನ ಪೊಲೀಸರು ಪ್ರಜೆಗಳಿಗೆ ಉತ್ತರ ಹೇಳಬೇಕಾಗಿರಲಿಲ್ಲ.

ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ಚಳವಳಿಗಾರರ ಬೇಡಿಕೆ ಎರಡೇ ಪದಗಳದ್ದು: ‘ಜವಾಬ್ದಾರಿ ಸರ್ಕಾರ’. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ಜವಾಬು ಎಂದರೆ ಉತ್ತರ. ಜವಾಬ್ದಾರ ಎಂದರೆ ಉತ್ತರ ಹೇಳಬೇಕಾದವನು. ನಾನು ಯಾವುದನ್ನು ಪರೀಕ್ಷೆ ಎಂದು ಕರೆದೆನೋ ಅದನ್ನು ಆ ದಿನಗಳ ಹೋರಾಟಗಾರರು ತಮ್ಮ ಬೇಡಿಕೆಯ ಹೆಸರಿನಲ್ಲೇ ಇಟ್ಟುಕೊಂಡಿದ್ದರು.

ಆಗ ಹೈಸ್ಕೂಲಿನಲ್ಲಿದ್ದ ನಮ್ಮ ತಾತ ತರಗತಿ ಬಿಟ್ಟು ಮೆರವಣಿಗೆಗೆ ಹೋಗಿದ್ದರಂತೆ. ‘ಆರ್ಕಾಟ್ ಬಾಯ್ಕಾಟ್’ ಎಂದು ಕೂಗಿದ್ದನ್ನು ಮುದಿತನದಲ್ಲೂ ನೆನೆದು ನಗುತ್ತಿದ್ದರು. ಅವರ ಮನೆಯಲ್ಲಿ ಮಹಾರಾಜರ ಪಟವೂ ಇತ್ತು. "ಮಹಾರಾಜರನ್ನು ಬೇಡ ಅನ್ನಲಿಲ್ಲವಪ್ಪ, ನಮ್ಮನ್ನ ಕೇಳಿ ಆಡಳಿತ ಮಾಡಿ ಅಂದ್ವಿ" ಎನ್ನುತ್ತಿದ್ದರು. ಅವರಂತೆಯೇ ತರಗತಿ ಬಿಟ್ಟು ಬೀದಿಗೆ ಬಂದಿದ್ದ ವಿದ್ಯಾರ್ಥಿ ರಾಮಸ್ವಾಮಿ. ತಾತ ಮನೆಗೆ ಮರಳಿದರು, ರಾಮಸ್ವಾಮಿ ಮರಳಲಿಲ್ಲ.

ಚಳವಳಿಗೆ ಸರ್ಕಾರ ಮಣಿಯಿತು. ಅಕ್ಟೋಬರ್ ತಿಂಗಳಲ್ಲಿ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

ಒಬ್ಬರೇ ವ್ಯಕ್ತಿ, ನಾಲ್ಕು ಸ್ಥಾನ

ಮುಂದಿನ ಬದಲಾವಣೆಗಳನ್ನು ನೆನಪಿಡಲು ಸುಲಭವಾದ ದಾರಿಯೊಂದಿದೆ. ಜಯಚಾಮರಾಜ ಒಡೆಯರೊಬ್ಬರನ್ನೇ ಗಮನಿಸಿದರೆ ಸಾಕು. 1940ರಲ್ಲಿ ಅವರು ದಿವಾನರ ಮೂಲಕ ಆಳುವ ಮಹಾರಾಜರು. 1947ರ ಅಕ್ಟೋಬರ್‌ನಿಂದ ಮಂತ್ರಿಮಂಡಲದ ಸಲಹೆಯಂತೆ ನಡೆಯುವ ಸಾಂವಿಧಾನಿಕ ಅರಸರು. 1950ರ ಜನವರಿ 26ರಿಂದ ಗಣರಾಜ್ಯದೊಳಗಿನ ಮೈಸೂರು ರಾಜ್ಯದ ರಾಜಪ್ರಮುಖರು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದ ವಿಶಾಲ ಮೈಸೂರಿನ ರಾಜ್ಯಪಾಲರು. 1964ರಲ್ಲಿ ಅವರನ್ನು ಮದರಾಸಿನ ರಾಜ್ಯಪಾಲರನ್ನಾಗಿ ಕಳಿಸಲಾಯಿತು. ಪಟ್ಟಕ್ಕೆ ಬಂದಿದ್ದ ಅರಸರಿಗೆ ‘ವರ್ಗ’ವಾಯಿತು ಎನ್ನಬಹುದು! ವ್ಯಕ್ತಿ ಅದೇ, ಅರಮನೆ ಅದೇ, ದಸರೆಯೂ ಅದೇ. ಹದಿನಾರು ವರ್ಷಗಳಲ್ಲಿ ಸರ್ಕಾರ ಮಾತ್ರ ನಾಲ್ಕು ರೂಪ ತಾಳಿತು.

ನಮ್ಮ ಸಂವಿಧಾನದ 164ನೆಯ ವಿಧಿಯನ್ನು ಓದಿ. ಮಂತ್ರಿಮಂಡಲ ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆಯಾಗಿರಬೇಕು ಎಂದು ಅದು ಹೇಳುತ್ತದೆ. ನಮ್ಮ ಮೂರನೆಯ ಪ್ರಶ್ನೆಗೆ, ಅಂದರೆ ಉತ್ತರ ಒಪ್ಪಿಗೆಯಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ, ಉತ್ತರ ಅಲ್ಲಿದೆ: ಸಭೆಯ ವಿಶ್ವಾಸ ಕಳೆದುಕೊಂಡ ಮಂತ್ರಿಮಂಡಲ ಇಳಿಯಬೇಕು. ಆ ಸಭೆಯನ್ನು ಆರಿಸುವ ಮತದ ಹಕ್ಕಿಗೂ 1881ರ ಜಮೀನು, ವ್ಯಾಪಾರಗಳ ಅರ್ಹತೆಗೂ ಸಂಬಂಧವಿಲ್ಲ. ವಯಸ್ಸಾದರೆ ಸಾಕು. ಮೊದಲು 21 ವರ್ಷವಾಗಿದ್ದ ಆ ವಯಸ್ಸು 1989ರಿಂದ 18 ಆಗಿದೆ.

ನಿಮ್ಮ ಸರದಿ

ಹಾಗಾದರೆ ಎಲ್ಲ ಮುಗಿಯಿತೆ? ಬೆಂಗಳೂರಿನ ಅಂಬೇಡ್ಕರ್ ಬೀದಿಯಲ್ಲಿ ನಿಂತರೆ ಒಂದು ಬದಿಗೆ ಅಠಾರಾ ಕಚೇರಿ, ಎದುರಿಗೆ ವಿಧಾನಸೌಧ. ಮೊದಲನೆಯದು ಆಜ್ಞೆ ಮಾಡಲು ಕಟ್ಟಿದ್ದು, ಎರಡನೆಯದು ಉತ್ತರ ಹೇಳಲು ಕಟ್ಟಿದ್ದು. ಆದರೆ ಕಟ್ಟಡ ತಾನಾಗಿ ಉತ್ತರ ಹೇಳುವುದಿಲ್ಲ, ಕೇಳುವವರು ಬೇಕು. ಐದು ವರ್ಷಕ್ಕೊಮ್ಮೆ ಮತ ಹಾಕಿ ಸುಮ್ಮನಾದರೆ, ನಡುವಿನ ದಿನಗಳಲ್ಲಿ ಸರ್ಕಾರ ಮತ್ತೆ ‘ಯಜಮಾನ’ ಎಂಬ ಹಳೆಯ ಅರ್ಥಕ್ಕೇ ಜಾರುತ್ತದೆ.

ಇದನ್ನು ತಡೆಯುವ ಸಾಧನಗಳು ಒಂದೊಂದಾಗಿ ಬಂದಿವೆ. 1992ರ 73ನೆಯ ತಿದ್ದುಪಡಿಯ ಮೂಲಕ ಪಂಚಾಯಿತಿಗಳಿಗೆ ಸಂವಿಧಾನದ ಸ್ಥಾನ ದೊರೆಯಿತು. ಗ್ರಾಮಸಭೆಯಲ್ಲಿ ಊರಿನ ಯಾವ ಮತದಾರನೂ ಎದ್ದುನಿಂತು ಲೆಕ್ಕ ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯಿದೆಯಂತೆ, ಅರ್ಜಿ ಕೊಟ್ಟರೆ ಸಾಮಾನ್ಯವಾಗಿ 30 ದಿನಗಳೊಳಗೆ ಕಚೇರಿ ಉತ್ತರ ಕೊಡಬೇಕು. 1830ರ ನಗರದ ರೈತ ದಂಗೆಯೆದ್ದು ಕೇಳಿದ್ದನ್ನು ನೀವು ಒಂದು ಹಾಳೆಯಲ್ಲಿ ಬರೆದು ಕೇಳಬಹುದು.

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಯಲ್ಲಿ ಸರ್ಕಾರದ ರೂಪಗಳು ಎಷ್ಟು ಎಂದು ಕೇಳಿದರೆ ಪಟ್ಟಿಯನ್ನು ಅಗತ್ಯವಾಗಿ ಬರೆಯಿರಿ, ಅಂಕ ಸಿಗುತ್ತದೆ. ಆಮೇಲೆ ಒಮ್ಮೆ ನಿಮ್ಮ ಊರಿನ ಗ್ರಾಮಸಭೆಗೋ ವಾರ್ಡಿನ ಸಭೆಗೋ ಹೋಗಿ ಕುಳಿತು ನೋಡಿ. ಯಾರು ಪ್ರಶ್ನೆ ಕೇಳುತ್ತಾರೆ, ಯಾರು ಕೇಳಲು ಹಿಂಜರಿಯುತ್ತಾರೆ, ಯಾರು ಉತ್ತರ ಹೇಳುತ್ತಾರೆ, ಯಾರು ಹೇಳದೆ ಎದ್ದು ಹೋಗುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ನಿಮ್ಮ ಊರಿನಲ್ಲಿರುವುದು ಎಂಥ ಸರ್ಕಾರ ಎಂಬುದು ಅಲ್ಲಿ ತಿಳಿಯುತ್ತದೆ.

ರಾಮಸ್ವಾಮಿ ವೃತ್ತದಲ್ಲಿ ನಮ್ಮನ್ನು ಪ್ರಶ್ನಿಸಿದ ಆ ಹುಡುಗಿಯ ಮಾತನ್ನು ನಾವು ಕಾರ್ಯಕ್ರಮದಲ್ಲಿ ಕತ್ತರಿಸದೆ ಉಳಿಸಿಕೊಂಡೆವು. ನಾವು ಕೇಳಲು ಹೋಗಿದ್ದ ಪ್ರಶ್ನೆಗಿಂತ ಅದು ಒಳ್ಳೆಯ ಪ್ರಶ್ನೆಯಾಗಿತ್ತು.